ಕೋಚಿಗೆ ಕೊಟ್ಟ ಮಣಿಕಟ್ಟು

ಗ್ಯಾರೇಜಿನವನು ಕೈ ಕುಲುಕುವುದಿಲ್ಲ. ಕೈಯೆಲ್ಲ ಗ್ರೀಸ್ ಆಗಿರುತ್ತದೆ. ಯಾರಾದರೂ ಬಂದು ಕೈ ಚಾಚಿದರೆ ಬೆರಳು ಮಡಚಿ ಮಣಿಕಟ್ಟನ್ನು ಮುಂದೆ ಮಾಡುತ್ತೇವೆ. ಬಂದವರು ಅದನ್ನೇ ಹಿಡಿದು ಒಮ್ಮೆ ಅಲುಗಿಸಿ ಬಿಡುತ್ತಾರೆ. ನಿಮ್ಮ ಕೈ ಕೊಳೆಯಾಗುವುದು ಬೇಡ ಎಂಬ ಮರ್ಯಾದೆ ಅದು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದಿದ್ದ ಗ್ಯಾರೇಜಿಗೆ ಸೇರಿದಾಗ, ಸ್ಪ್ಯಾನರಿನ ನಂಬರು ಗುರುತಿಸುವುದಕ್ಕೂ ಮೊದಲು ಕಲಿತದ್ದು ಇದನ್ನು.

ಕಾಲೇಜು ಫುಟ್‌ಬಾಲ್ ಟೀಮಿನ ಆ ಕೋಚು ನನ್ನ ವರ್ಕ್‌ಶಾಪಿಗೆ ಬಂದ ದಿನವೂ ನಾನು ಮಣಿಕಟ್ಟನ್ನೇ ಕೊಟ್ಟೆ. ಅವನು ಅದನ್ನು ಪಕ್ಕಕ್ಕೆ ಸರಿಸಿ, ಗ್ರೀಸು ಮೆತ್ತಿದ ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಬಿಳಿ ಅಂಗಿಯ ತೋಳಿಗೆ ಕರಿ ಹತ್ತಿತು. ಅದನ್ನು ನೋಡಿಕೊಳ್ಳಲೂ ಇಲ್ಲ. "ನಿಮ್ಮ ಮಗನನ್ನು ನನಗೆ ಕೊಡಿ. ಇನ್ನು ನನ್ನ ಟೀಮು ಅವನದು," ಅಂದ. ನಾನು ಅಲ್ಲೇ ಕರಗಿಹೋದೆ. ಇವತ್ತಿಗೂ ಮೈ ಉರಿಯುವುದು ಅದಕ್ಕೇ. ಆ ಮನುಷ್ಯ ದೂರ ನಿಂತು ಮಾತಾಡಿ ಹೋಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ವರ್ಕ್‌ಶಾಪು ಅಮೆರಿಕದ ಕ್ರ್ಯಾನ್‌ಬರಿಯಲ್ಲಿದೆ. ಟರ್ನ್‌ಪೈಕ್ ಹೆದ್ದಾರಿ ಇಳಿದರೆ ಕಣ್ಣು ಹಾಯುವಷ್ಟು ದೂರ ವೇರ್‌ಹೌಸುಗಳು. ಅಲ್ಲಿಗೆ ಬರುವ ಟ್ರೇಲರುಗಳ ಬ್ರೇಕು, ಟಯರು ನನ್ನ ಕೆಲಸ. ನನ್ನ ಹೆಂಡತಿ ನರ್ಸ್. ಅವಳ ಕೆಲಸದ ಮೇಲೆ ನಾವು ಈ ದೇಶಕ್ಕೆ ಬಂದದ್ದು; ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ವರ್ಕ್‌ಶಾಪನ್ನು ಕಟ್ಟಿದವನು ನಾನು, ಯಾರ ಕೈಕಾಲು ಹಿಡಿದೂ ಅಲ್ಲ.

ಮಗ ಇಲ್ಲೇ ಹುಟ್ಟಿದವನು. ಶಾಲೆಯ ಬಸ್ಸು ಅವನನ್ನು ವರ್ಕ್‌ಶಾಪಿನ ಮುಂದೆ ಇಳಿಸುತ್ತಿತ್ತು. ಸುಮ್ಮನೆ ಕೂರುವ ಹುಡುಗನಲ್ಲ. ಚಿಂದಿ ಬಟ್ಟೆ, ಖಾಲಿ ಡಬ್ಬಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದ, ಎಸೆದದ್ದು ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಹಿತ್ತಲಿನ ಅಂಗಳದಲ್ಲಿ ಭಾರ ಎತ್ತುವ ಫೋರ್ಕ್‌ಲಿಫ್ಟಿಗೆ ಚೈನು ಕಟ್ಟಿ ಟ್ರೇಲರಿನ ಹಳೆ ಟಯರೊಂದನ್ನು ತೂಗುಹಾಕಿದೆ. ಅವನು ಈಚೆಯಿಂದ ಇಲ್ಲಿನ ಫುಟ್‌ಬಾಲಿನ ಬಾದಾಮಿಯಾಕಾರದ ಚೆಂಡನ್ನು ಟಯರಿನ ತೂತಿನಲ್ಲಿ ತೂರಿಸುವುದು, ನಾನು ಆಚೆ ನಿಂತು ಹಿಡಿದು ವಾಪಸು ಕೊಡುವುದು. ಕೆಲಸ ಮುಗಿದ ಮೇಲೆ ದಿನಾ ಇದೇ. ಮನೆಗೆ ಹೋದರೆ ಹೆಂಡತಿ ನನ್ನ ಊದಿದ ಬೆರಳುಗಳಿಗೆ ಐಸ್ ಇಟ್ಟು ಬೈಯುತ್ತಿದ್ದಳು.

ಅಮೆರಿಕದ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬನಿರುತ್ತಾನೆ. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎದುರಿನವರು ಅವನನ್ನು ಕೆಡವಲು ನುಗ್ಗುತ್ತಿರುತ್ತಾರೆ. ಅಷ್ಟರೊಳಗೆ, ಓಡುತ್ತಿರುವ ತನ್ನವರಲ್ಲಿ ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಗೆದ್ದರೂ ಅವನ ಹೆಸರೇ, ಸೋತರೂ ಅವನ ಹೆಸರೇ. ಟೀಮಿಗೆ ಅಂಥವನು ಒಬ್ಬನೇ. ಉಳಿದವರು ಪಕ್ಕದಲ್ಲಿ ನಿಂತು ಕಾಯಬೇಕು.

ನಮ್ಮ ಜನಕ್ಕೆ ಇದು ಹಿಡಿಸಲಿಲ್ಲ. ಹತ್ತಿರದ ಸಮರ್‌ಸೆಟ್ಟಿನಲ್ಲಿ ಯಾರದೋ ಮನೆಯ ಊಟದಲ್ಲಿ ಕನ್ನಡ ಸಂಘದ ಅಧ್ಯಕ್ಷರು, ಔಷಧಿ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರುವವರು, ತಟ್ಟೆ ಹಿಡಿದುಕೊಂಡೇ ನನ್ನನ್ನು ವಿಚಾರಿಸಿದರು.

"ಏನ್ ಯಜಮಾನ್ರೇ, ಮಗನ್ನ ಗುದ್ದಾಟಕ್ಕೆ ಬಿಟ್ಟಿದ್ದೀರಂತೆ? ಟೆನ್ನಿಸ್ ಇತ್ತು, ಚೆಸ್ ಇತ್ತು. ನಮ್ಮೋರ ಮೈಕಟ್ಟಿಗೆ ಇದೆಲ್ಲ ಬೇಕೇನ್ರೀ?"

"ನಮ್ಮೋರ ಮೈಕಟ್ಟು ಅಂದ್ರೆ ಯಾರ್ದು ಸಾರ್, ನಿಮ್ದಾ ನಂದಾ?" ಅಂದೆ. ಅವರ ಹೊಟ್ಟೆಯ ಕಡೆ ನೋಡಿಯೇ ಅಂದೆ. ಹೆಂಡತಿ ಹಿಂದಿನಿಂದ ಅಂಗಿ ಎಳೆದಳು.

ಮಗ ಹೈಸ್ಕೂಲಿನಲ್ಲಿ ಹೆಸರು ಮಾಡಿದ, ಕೋಚು ವರ್ಕ್‌ಶಾಪಿಗೆ ಬಂದ, ಮಗ ಅವನ ಕಾಲೇಜಿಗೆ ಹೋದ. ಕಾಲೇಜಿನ ಹೆಸರು ಬೇಡ. ನಮ್ಮಲ್ಲಿಂದ ಡ್ರೈವ್ ಮಾಡಿಕೊಂಡು ಹೋಗಿ ಸಂಜೆಗೆ ಬರಬಹುದಾದಷ್ಟು ದೂರ. ಮೊದಲ ವರ್ಷ ಕಾಯ್ದ. ಎರಡನೇ ವರ್ಷ ಅರ್ಧದಲ್ಲಿ ಜಾಗ ಸಿಕ್ಕಿತು. ಮೂರನೇ ವರ್ಷ ಪೂರ್ತಿ ಅವನದೇ. ನಾನು ಶನಿವಾರ ವರ್ಕ್‌ಶಾಪು ಮುಚ್ಚತೊಡಗಿದೆ. ಟ್ರೇಲರಿನವರಿಗೆ ಶನಿವಾರವೇ ಬೇಕು. ಗಿರಾಕಿಗಳು ಬೈದುಕೊಂಡರು, ಬೈದುಕೊಳ್ಳಲಿ. ಸ್ಟೇಡಿಯಮ್ಮಿನಲ್ಲಿ ನನ್ನ ಮಗ ಕೈ ಎತ್ತಿದರೆ ಅಷ್ಟು ಜನ ಒಟ್ಟಿಗೆ ಉಸಿರು ಹಿಡಿಯುತ್ತಿದ್ದರು. ಅಂಥದ್ದನ್ನು ನೋಡಿದ ಅಪ್ಪಂದಿರು ಎಷ್ಟು ಜನ ಇದ್ದಾರೆ ಹೇಳಿ.

ಆಗ ಸಂಘದವರ ಬಾಯಿ ತಿರುಗಿತು. "ನಮ್ಮ ಹುಡುಗ, ನಮ್ಮ ಕನ್ನಡದ ಕುವರ" ಅಂತ ವಾಟ್ಸಾಪಿನಲ್ಲಿ ಫೋಟೋ ಹರಿದಾಡಿತು. ನಾಲ್ಕನೇ ವರ್ಷದ ಮೊದಲ ಮ್ಯಾಚಿಗೆ ಬಸ್ಸು ಮಾಡಿಕೊಂಡು ಹೊರಟೇಬಿಟ್ಟರು. ಮ್ಯಾಚು ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲೇ ಸನ್ಮಾನ ಎಂದು ನಿಶ್ಚಯವಾಗಿತ್ತು: ಜರಿಯಂಚಿನ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮ್ಯಾಚಿಗೆ ಮೊದಲು ಇಲ್ಲಿನವರು ಕಾರಿನ ಹಿಂದೆ ಒಲೆ ಹಚ್ಚಿ ಮಾಂಸ ಸುಡುತ್ತಿದ್ದರೆ, ನಮ್ಮವರು ಪುಳಿಯೋಗರೆ, ಮೊಸರನ್ನದ ಪಾತ್ರೆ ತೆಗೆದರು. ಪಕ್ಕದ ಕಾರಿನವರು ವಾಸನೆ ಹಿಡಿದು ಬಂದು ಎರಡು ಸಲ ಹಾಕಿಸಿಕೊಂಡರು. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ ಸಿಕ್ಕಸಿಕ್ಕವರಿಗೆ "ಹೀ ಈಸ್ ದ ಫಾದರ್" ಅಂತ ಪರಿಚಯ ಮಾಡಿಸುತ್ತಿದ್ದರು.

ಆಟಗಾರರು ಮೈದಾನಕ್ಕೆ ಓಡಿ ಬಂದರು. ಚೆಂಡು ಬೇರೆಯವನ ಕೈಗೆ ಹೋಯಿತು.

ಯಾರೋ ಹೊಸಬ. ಬೇರೆ ಕಾಲೇಜಿನಲ್ಲಿ ಆಡುತ್ತಿದ್ದವನನ್ನು ಕೋಚು ಬೇಸಿಗೆಯಲ್ಲಿ ಕರೆದು ತಂದಿದ್ದ. ಈಗ ಆಟಗಾರರು ಹೀಗೆ ಕಾಲೇಜು ಬದಲಾಯಿಸುವುದು ಇಲ್ಲಿ ಮಾಮೂಲು. ಇಬ್ಬರಲ್ಲಿ ಯಾರು ಆಡುವುದೆಂದು ಮಗನಿಗೆ ತಿಳಿಸಿದ್ದು ಹಿಂದಿನ ದಿನ, ಅದೂ ಕಾರಿಡಾರಿನಲ್ಲಿ ನಡೆದುಕೊಂಡು ಹೋಗುತ್ತ. ಇದು ನನಗೆ ಆಮೇಲೆ ಗೊತ್ತಾದದ್ದು. ಬಸ್ಸು ಗೊತ್ತು ಮಾಡಿಯಾಗಿದೆ, ಪುಳಿಯೋಗರೆಯ ಗೊಜ್ಜು ಕುದಿಸಿಯಾಗಿದೆ, ಅಪ್ಪನಿಗೆ ಹೇಗೆ ಹೇಳಲಿ ಅಂತ ಮಗ ಸುಮ್ಮನಿದ್ದ.

ಆ ದಿನ ಅವನು ಗೆರೆಯಾಚೆ ಟೋಪಿ ಹಾಕಿಕೊಂಡು ನಿಂತಿದ್ದ. ಆಡದ ಕ್ವಾರ್ಟರ್‌ಬ್ಯಾಕಿಗೆ ಒಂದು ಕೆಲಸ ಕೊಡುತ್ತಾರೆ. ಕೋಚು ಹೇಳಿದ್ದನ್ನು ಕೈಸನ್ನೆಯಲ್ಲಿ ಒಳಗಿನವನಿಗೆ ಮುಟ್ಟಿಸುವುದು. ತಲೆ ಮುಟ್ಟಿ, ಭುಜ ತಟ್ಟಿ, ಎರಡೂ ತೋಳು ಬೀಸಿ, ತನ್ನ ಜಾಗ ಕಿತ್ತುಕೊಂಡವನಿಗೆ ನನ್ನ ಮಗ ದಾರಿ ತೋರಿಸುತ್ತಿದ್ದ.

"ಟ್ರಾಫಿಕ್ ಪೊಲೀಸ್ ಆಗ್ಬಿಟ್ನಲ್ರೀ ಹುಡುಗ," ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನಕ್ಕರು. ನಮ್ಮವರೇ.

ಮ್ಯಾಚು ಮುಗಿಯಿತು. ಅಧ್ಯಕ್ಷರು ಪೇಟದ ಡಬ್ಬಿಯನ್ನು ಬಸ್ಸಿನೊಳಕ್ಕೆ ವಾಪಸು ಇಡಿಸುತ್ತಿದ್ದರು.

"ಬೇಜಾರ್ ಮಾಡ್ಕೋಬೇಡಿ. ಆಡಿದ ದಿನ ಮಾಡೋಣ. ಇವತ್ತು ಮಾಡಿದ್ರೆ ಹುಡುಗನ್ಗೂ ಮುಜುಗರ ಅಲ್ವಾ?"

"ಹಣ್ಣೂ ತಗೊಂಡ್ ಹೋಗಿ ಸಾರ್. ಕೊಳೆತುಹೋಗುತ್ತೆ," ಅಂದೆ.

ಮಗ ಸ್ನಾನ ಮಾಡಿ ಹೊರಗೆ ಬರುವ ಹೊತ್ತಿಗೆ ಬಸ್ಸು ಹೋಗಿತ್ತು. ಅವನನ್ನು ನೋಡಿದ ಕೂಡಲೇ ನನಗೆ ತಡೆಯಲಾಗಲಿಲ್ಲ.

"ಬಿಟ್ ಬಾ. ನಾಳೇನೇ ಬಿಟ್ ಬಾ. ಅವ್ನು ಹೊರಗಿಂದ ತರ್ತಾನೆ ಅಂದ್ರೆ ನೀನೂ ಹೊರಗೆ ಹೋಗು. ಮರ್ಯಾದೆ ಇಲ್ಲದ ಕಡೆ ನಾನು ಒಂದ್ ದಿನ ನಿಂತೋನಲ್ಲ. ಸ್ಪ್ಯಾನರ್ ಎಸೆದು ಬಂದಿದ್ದೀನಿ."

"ಐ ನೋ, ಅಪ್ಪ. ಸಾವಿರ ಸಲ ಹೇಳಿದ್ದೀರ."

"ಮತ್ತೆ?"

"ಐಯಾಮ್ ನಾಟ್ ಲೀವಿಂಗ್. ಇದು ನನ್ ಟೀಮ್. ಒಂದ್ ಸಲ, ಇಲ್ಲೇ, ನೀವು ಅಮ್ಮ ನೋಡ್ತಿರೋವಾಗ ನಾನು ಇನ್ನೊಂದ್ ಥ್ರೋ ಮಾಡ್ಬೇಕು. ಆಮೇಲೆ ಹೋಗ್ತೀನಿ."

"ಅವ್ನು ಮಾಡಕ್ಕೆ ಬಿಟ್ರೆ ತಾನೆ?"

"ದೆನ್ ಐ ವೇಟ್," ಅಂದ. ಅವರಮ್ಮ ಅವನ ಒದ್ದೆ ತಲೆ ಒರೆಸುತ್ತಿದ್ದಳು. ಅವಳು ನನ್ನ ಕಡೆ ನೋಡಿದ ನೋಟಕ್ಕೆ ನಾನು ಟ್ರಕ್ಕು ತರಲು ಹೋದೆ.

ಶನಿವಾರಗಳು ಕಳೆದವು. ಒಂದೂ ತಪ್ಪಿಸದೆ ಹೋದೆವು. ಸಂಘದವರು ಯಾರೂ ಬರಲಿಲ್ಲ. ಹೊಸಬ ಚೆನ್ನಾಗಿಯೇ ಆಡುತ್ತಿದ್ದ. ಇಲ್ಲ ಅನ್ನುವಷ್ಟು ನೀಚ ನಾನಲ್ಲ. ಆದರೆ ದೊಡ್ಡ ಅಂತರದಲ್ಲಿ ಗೆಲ್ಲುತ್ತಿದ್ದಾಗಲೂ ನನ್ನ ಮಗನನ್ನು ಒಳಗೆ ಕಳಿಸಲಿಲ್ಲ. ಇವನು ಎಳೆ ಹುಡುಗನಂತೆ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದೇ ನಿಂತಿರುತ್ತಿದ್ದ, ಕೆಳಗಿಡುತ್ತಿರಲಿಲ್ಲ.

ಕೊನೆಯ ಮ್ಯಾಚು ಬಂತು. ಆ ದಿನ ಕೊನೆಯ ವರ್ಷದ ಆಟಗಾರರ ತಂದೆತಾಯಿಯನ್ನು ಮೈದಾನಕ್ಕೆ ಕರೆಸಿ, ಮಗನ ಜೊತೆ ನಡೆಸುತ್ತಾರೆ. ಹೆಂಡತಿ ಬೆಳಗ್ಗೆಯೇ ನನ್ನ ಕೈಗಳನ್ನು ಎಳೆದುಕೊಂಡು, ಕಿತ್ತಳೆ ವಾಸನೆಯ ಆ ಗ್ಯಾರೇಜ್ ಸೋಪಿನಲ್ಲಿ ತಿಕ್ಕಿ, ಉಗುರಿನ ಸಂದಿಯ ಕರಿಯನ್ನು ಬ್ರಶ್ಶಿನಿಂದ ಕಿತ್ತಳು. ಎಷ್ಟೋ ವರ್ಷಗಳ ಮೇಲೆ ನನ್ನ ಕೈ ಅಷ್ಟು ಬೆಳ್ಳಗೆ ಕಂಡದ್ದು. ಅವಳು ಮೈಸೂರು ಸಿಲ್ಕ್ ಉಟ್ಟಿದ್ದಳು, ಮೇಲೆ ದಪ್ಪ ಜಾಕೆಟ್ಟು. ಚಳಿಗೆ ಮೂಗು ಕೆಂಪಾಗಿತ್ತು.

ಸಾಲಿನ ಕೊನೆಯಲ್ಲಿ ಕೋಚು ನಿಂತಿದ್ದ. ಮಗನನ್ನು ತಬ್ಬಿಕೊಂಡ. ನನ್ನ ಭುಜ ತಟ್ಟಿ, "ಇವತ್ತು ಆಡುತ್ತಾನೆ. ಮಾತು ಕೊಡುತ್ತೇನೆ," ಅಂದ. ನನ್ನ ದರಿದ್ರ ಎದೆ ಮತ್ತೆ ಕರಗಿತು.

ನಮ್ಮ ಟೀಮು ಗೆಲ್ಲುತ್ತಿತ್ತು. ನಾಲ್ಕು ಭಾಗದ ಆಟ ಅದು. ಮೂರನೇ ಭಾಗ ಮುಗಿಯಿತು, ನಾಲ್ಕನೆಯದು ಅರ್ಧವಾಯಿತು. ಹೆಂಡತಿ ನನ್ನ ತೋಳಿಗೆ ಉಗುರು ಊರಿ ಕೂತಿದ್ದಳು. ಗಡಿಯಾರ ಇನ್ನೇನು ನಿಲ್ಲುತ್ತದೆ ಅನ್ನುವಾಗ ಕೋಚು ತಿರುಗಿ ನನ್ನ ಮಗನ ಬೆನ್ನು ತಟ್ಟಿದ. ಅವನು ಹೆಲ್ಮೆಟ್ ಹಾಕಿಕೊಂಡು ಓಡಿದ. ಜನ ಎದ್ದು ಚಪ್ಪಾಳೆ ಹೊಡೆದರು. ಹೆಂಡತಿ ಅಳುತ್ತ ನಿಂತಳು.

ಚೆಂಡು ಅವನ ಕೈಗೆ ಬಂತು. ಮಗ ಒಂದು ಮಂಡಿ ಊರಿ ಕೂತ.

ಅಷ್ಟೇ. ಗೆಲ್ಲುತ್ತಿರುವ ಟೀಮು ಹೊತ್ತು ಕಳೆಯಲು ಹೀಗೆ ಮಾಡುತ್ತದೆ. ಎಸೆಯುವಂತಿಲ್ಲ, ಓಡುವಂತಿಲ್ಲ. ಚೆಂಡು ಹಿಡಿದು ಮಂಡಿಯೂರಿದರೆ ಆಟ ನಿಂತಂತೆ, ಗಡಿಯಾರ ಮಾತ್ರ ಓಡುತ್ತದೆ. ಇನ್ನೊಮ್ಮೆ ಚೆಂಡು ಬಂತು. ಇನ್ನೊಮ್ಮೆ ಮಂಡಿಯೂರಿದ. ಮ್ಯಾಚು ಮುಗಿಯಿತು. ನನ್ನ ಮಗನ ನಾಲ್ಕು ವರ್ಷದ ಕ್ವಾರ್ಟರ್‌ಬ್ಯಾಕ್ ಬದುಕನ್ನು ಅಷ್ಟು ಜನರ ಮುಂದೆ ಮಂಡಿಯೂರಿಸಿ ಮುಗಿಸಿದರು, ಜನ ಅದಕ್ಕೆ ಚಪ್ಪಾಳೆ ತಟ್ಟಿದರು. ಎಸೆಯಲು ಬಿಡದೆ ಪಕ್ಕದಲ್ಲೇ ನಿಲ್ಲಿಸಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ.

ಆಟಗಾರರ ಮನೆಯವರೆಲ್ಲ ಮೈದಾನಕ್ಕೆ ಇಳಿದರು. ಕೋಚು ನಗುತ್ತ ನನ್ನ ಕಡೆಗೇ ಬಂದ, ಕೈ ಚಾಚಿದ. "ನೋಡಿದಿರಾ? ಮಾತು ಉಳಿಸಿಕೊಂಡೆ."

ನಾನು ಬೆರಳು ಮಡಚಿ ಮಣಿಕಟ್ಟು ಕೊಟ್ಟೆ.

ಅವನಿಗೆ ತಿಳಿಯಲಿಲ್ಲ. ನನ್ನ ಕೈ ನೋಡಿದ. ಬೆಳ್ಳಗಿತ್ತು. ಒಂದು ಗಳಿಗೆ ಅವನ ಕೈ ಗಾಳಿಯಲ್ಲೇ ಇತ್ತು. ಆಮೇಲೆ ಮಣಿಕಟ್ಟನ್ನೇ ಹಿಡಿದು ಅಲುಗಿಸಿದ, ಬೇರೆಯವರ ಕಡೆ ಹೋದ. ನನ್ನ ಮಗ ಪಕ್ಕದಲ್ಲೇ ನಿಂತು ಎಲ್ಲ ನೋಡಿದ. ಗ್ಯಾರೇಜಿನಲ್ಲಿ ಬೆಳೆದವನು.

ಮಗನನ್ನೂ ಕರೆದುಕೊಂಡು ಟ್ರಕ್ಕಿನಲ್ಲಿ ಮನೆಗೆ ಹೊರಟೆವು. ಹಿಂದಿನ ಸೀಟಿನಿಂದ ಅವನೇ ಶುರು ಮಾಡಿದ.

"ಅಪ್ಪ. ಯುವರ್ ಹ್ಯಾಂಡ್ಸ್ ವರ್ ಕ್ಲೀನ್."

"ಗೊತ್ತು."

"ದಟ್ ವಾಸ್ ಸೋ ರೂಡ್."

"ಗೊತ್ತು ಕಣೋ."

ಅಷ್ಟರಲ್ಲಿ ಫೋನು ಬಂತು. ಅಧ್ಯಕ್ಷರು. ಟ್ರಕ್ಕಿನ ಸ್ಪೀಕರಿನಲ್ಲಿ ಅವರ ದನಿ ತುಂಬಿತು: "ಕಂಗ್ರಾಜುಲೇಶನ್ಸ್ ರೀ! ಟಿವಿಯಲ್ಲಿ ನೋಡ್ದೆ, ಕೊನೆಗೂ ಆಡ್ಸಿದ್ರಲ್ಲ! ಮುಂದಿನ ಭಾನುವಾರ ಪೇಟ, ಶಾಲು ಇಟ್ಕೊಂಡ್ಬಿಡೋಣ್ವಾ?"

ನಾನು ಬಾಯಿ ತೆರೆಯುವುದರೊಳಗೆ ಮಗ ಮುಂದೆ ಬಾಗಿದ. "ಥ್ಯಾಂಕ್ಸ್ ಅಂಕಲ್. ಬೇಡ," ಅಂದು ಕರೆ ತುಂಡರಿಸಿದ. ಆಗಲೇ ನನಗೆ ಗೊತ್ತಾದದ್ದು, ಹಿಂದಿನ ಸೀಟಿನಲ್ಲಿ ಕೂತವನಿಗೂ ನನ್ನಷ್ಟೇ ಸಿಟ್ಟಿದೆ ಅಂತ.

"ವರ್ಕ್‌ಶಾಪಿಗೆ ಹೋಗೋಣ," ಅಂದ.

ಇನ್ನೂ ಬೆಳಕಿತ್ತು. ಮಗ ಆಟದ ಬಟ್ಟೆ ಬದಲಾಯಿಸಿರಲಿಲ್ಲ. ಬಿಳಿ ಪ್ಯಾಂಟಿನ ಒಂದು ಮಂಡಿಗೆ ಮಾತ್ರ ಕರಿ ಪುಡಿ ಮೆತ್ತಿತ್ತು. ಆ ಮೈದಾನದಲ್ಲಿರುವುದು ಪ್ಲಾಸ್ಟಿಕ್ ಹುಲ್ಲು. ಅದರ ನಡುವೆ ಹಳೆ ಟಯರುಗಳನ್ನು ಪುಡಿ ಮಾಡಿ ತುಂಬಿರುತ್ತಾರೆ. ಅವನು ಅದನ್ನು ಕೈಯಿಂದ ಜಾಡಿಸಿ ಕೆಡವಿದ. ನಾನು ಫೋರ್ಕ್‌ಲಿಫ್ಟ್ ತಂದು ಚೈನು ಬಿಗಿದು ಟಯರು ತೂಗುಹಾಕಿದೆ. ಹೆಂಡತಿ ಜಾಕೆಟ್ಟಿನೊಳಗೆ ಕೈ ಕಟ್ಟಿಕೊಂಡು ಶಟರಿಗೆ ಒರಗಿ ನಿಂತಳು.

ಮಗ ಎಸೆದ. ಚಿಕ್ಕವನಿದ್ದಾಗ ಎಸೆಯುತ್ತಿದ್ದ ಎಸೆತವಲ್ಲ ಅದು. ಚೆಂಡು ಟಯರಿನ ನಟ್ಟನಡುವೆ ನುಗ್ಗಿ ಬಂದು ನನ್ನ ಅಂಗೈಗೆ ಬಡಿಯಿತು. ಮೊಣಕೈವರೆಗೆ ಜುಮ್ಮೆಂದಿತು. ವಾಪಸು ಕೊಟ್ಟೆ. ಮತ್ತೆ ಎಸೆದ, ಇನ್ನೂ ಜೋರಾಗಿ. ಆ ವರ್ಷವಿಡೀ ಎಸೆಯದೆ ಉಳಿದದ್ದೆಲ್ಲ ಆ ತೋಳಿನಲ್ಲಿತ್ತು.

"ಸಾಕು, ಕೈ ನೋಡ್ಕೊಳ್ರೀ," ಅಂದಳು ಹೆಂಡತಿ.

ಎರಡೂ ಅಂಗೈ ಕೆಂಡದ ಹಾಗೆ ಕೆಂಪಾಗಿದ್ದವು. ಕೈ ಅಗಲಿಸಿ ಟಯರಿನ ಹಿಂದೆ ನಿಂತೆ.

"ಹೊಡಿ ಇನ್ನೊಂದು," ಅಂದೆ.