ಮಿಲ್ಲಿನ ಎದುರಿನ ಸಂಗೀತ ಟೀಚರ್

ಬೆಳಿಗ್ಗೆ ಎದ್ದು ದೋಸೆ ಹೊಯ್ದೆ. ಟ್ಯಾಂಕಿಗೆ ನೀರು ಬಿಟ್ಟೆ. ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ಪಂಜದಿಂದ ಬಸ್ಸಿನಲ್ಲಿ ಬಂದ ಅಕ್ಕನನ್ನು ಗಂಟಲಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಬರುವಾಗ ದರ್ಬೆಯಲ್ಲಿ ಇಳಿದು ಮದ್ದು ಕೊಂಡೆವು. ಮನೆಗೆ ಬಂದು ಅವಳಿಗೊಂದು ಕಷಾಯ ಮಾಡೋಣವೆಂದು ಕರಿಮೆಣಸು, ಕಲ್ಲುಸಕ್ಕರೆ ಕುಟ್ಟುತ್ತಿದ್ದಾಗ ಆ ಘಾಟು ಮೂಗಿಗೆ ಬಡಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಇಬ್ಬರಿಗೂ ನೆನಪಾದದ್ದು ಒಬ್ಬರೇ... ನಮ್ಮ ಸಂಗೀತ ಟೀಚರ್.

ಆಗ ನಮ್ಮ ಮನೆ ನರಿಮೊಗರಿನಲ್ಲಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ, ಈಗ ನಾನಿರುವ ಈ ಪುತ್ತೂರಿಗೆ ಪಾಠಕ್ಕೆ ಬರುತ್ತಿದ್ದೆವು. ಟೀಚರದ್ದು ಸಾಲುಮನೆಯ ಕೊನೆಯ ಕೋಣೆ. ಓಣಿಯ ಆಚೆ ಬದಿಯಲ್ಲಿ ಹಿಟ್ಟಿನ ಮಿಲ್ಲು. ಅದು ಓಡುವಾಗ ನಮ್ಮ ಕಿಟಕಿಯ ಸರಳೂ ನಡುಗುತ್ತಿತ್ತು. ಬೇರೆಯವರಾದರೆ ಕಿಟಕಿ ಮುಚ್ಚುತ್ತಿದ್ದರು. ಟೀಚರ್ ಅದನ್ನು ಅಗಲಕ್ಕೆ ತೆರೆದು, ನಮ್ಮನ್ನು ಆ ಕಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದರು. ಮಿಲ್ಲಿನ ಸದ್ದಿನ ಮೇಲೆ ಸ್ವರ ನಿಲ್ಲಬೇಕು, ಆಗಲೇ ಗಂಟಲು ಪಳಗುವುದು ಎಂಬುದು ಅವರ ಪದ್ಧತಿ.

"ಬಾಯಿ ಬಿಡು. ನನಗೆ ಕೇಳುದಿಲ್ಲ" ಎನ್ನುತ್ತಿದ್ದರು. ಅದರ ಹಿಂದೆಯೇ ನಾಗರಬೆತ್ತ ಬರುತ್ತಿತ್ತು. ತೊಡೆಗೆ, ಬೆರಳ ಗೆಣ್ಣಿಗೆ, ಒಮ್ಮೊಮ್ಮೆ ಬಾಯಿಗೇ. ಹೊಡೆದಾದ ಮೇಲೆ ಡಬ್ಬಿಯಿಂದ ಕರಿಮೆಣಸು, ಕಲ್ಲುಸಕ್ಕರೆ ತೆಗೆದು ತಮ್ಮ ಕೈಯಿಂದಲೇ ನಮ್ಮ ನಾಲಿಗೆಯ ಮೇಲೆ ಇಡುತ್ತಿದ್ದರು. ಒಡೆದ ತುಟಿಗೆ ಆ ಮೆಣಸು ತಾಗಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಯಲ್ಲಿ ಬಾಸುಂಡೆ ತೋರಿಸಿದರೆ ಅಮ್ಮ ತೆಂಗಿನೆಣ್ಣೆ ಹಚ್ಚಿ, "ಟೀಚರ್ ಹೊಡೆದದ್ದಲ್ವಾ, ಅಡ್ಡಿಲ್ಲ" ಎನ್ನುತ್ತಿದ್ದಳು.

ನನ್ನ ಮೇಲೆ ಟೀಚರಿಗೆ ಆಸೆಯೇ ಇರಲಿಲ್ಲ. "ನಿನ್ನ ಸ್ವರ ಕಾವಲಿ ಕೆರೆದ ಹಾಗೆ ಉಂಟು ಮಾರಾಯ್ತಿ, ನೀನು ಶ್ರುತಿಪೆಟ್ಟಿಗೆ ಒತ್ತು" ಎಂದು ಪಾಠಕ್ಕೆ ಸೇರಿದ ಹೊಸತರಲ್ಲೇ ನನ್ನನ್ನು ಮೂಲೆಗೆ ಕೂರಿಸಿದ್ದರು. ಹಾಡಬೇಕಾಗಿದ್ದದ್ದು ಅಕ್ಕನಿಗೆ. ದೊಡ್ಡ ಹಾಡುಗಾರ್ತಿ ಆಗಬೇಕು, ಅದು ಬಿಟ್ಟರೆ ಅವಳಿಗೆ ಬೇರೆ ಯಾವುದೂ ಬೇಕಿರಲಿಲ್ಲ. ಟೀಚರಿಗೂ ಅಷ್ಟೇ, ಅವಳಿಂದ ಹಾಡಿಸಬೇಕಿತ್ತು. ಹಾಗಾಗಿ ಹೆಚ್ಚು ಪೆಟ್ಟು ಅವಳಿಗೆ.

ಸುಳ್ಯದಲ್ಲಿ ಸ್ಪರ್ಧೆ ಹತ್ತಿರ ಬಂದಿತ್ತು. ಅಕ್ಕನ ಸ್ವರ ಆಗಲೇ ಬಿರುಕು ಬಿಡುತ್ತಿತ್ತು, ಬೆಳಿಗ್ಗೆ ಮಾತಾಡಿದರೆ ಬರೀ ಗಾಳಿ. ಆ ಶನಿವಾರ ಅವಳು ಕೇಳಿದಳು, "ಟೀಚರ್, ಶ್ರುತಿ ಸ್ವಲ್ಪ ಇಳಿಸುವನಾ? ಉರೀತದೆ."

"ಇಳಿಸಿದ್ರೆ ಅದು ಕಿಟಕಿ ದಾಟ್ತದಾ?" ಎಂದರು ಟೀಚರ್, ಅವಳ ತುಟಿಯನ್ನೇ ನೋಡುತ್ತಾ. "ಹಾಡು."

ಹಾಡಿದಳು. ಮೇಲಿನ ಷಡ್ಜಕ್ಕೆ ಹೋದಾಗ ಕತ್ತಿನ ನರ ಉಬ್ಬಿ ನಿಂತಿತು. ಬೆತ್ತ ಭುಜಕ್ಕೆ ಬಿತ್ತು. ಇನ್ನೂ ಗಟ್ಟಿಯಾಗಿ ಹಾಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಮಿಲ್ಲು ನರಳಿಕೊಂಡು ನಿಂತಿತು. ಇಡೀ ಓಣಿಯಲ್ಲಿ ಉಳಿದದ್ದು ಅಕ್ಕನ ಸ್ವರವೊಂದೇ. ಕೋಣೆಯ ಪಾತ್ರೆಗಳೂ ಗುಂಯ್‌ಗುಡುವಷ್ಟು ದೊಡ್ಡದು.

"ಕೇಳುದಿಲ್ಲ" ಎಂದರು ಟೀಚರ್. ಬೆತ್ತ ಈ ಸಲ ಕುತ್ತಿಗೆಗೆ ಬಿತ್ತು.

ಮಿಲ್ಲಿನವರು ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಓಣಿಗೆ ಇಳಿದು ಕೂಗಿದರು, "ಎಂತ ಟೀಚರೇ ಕೇಳುದಿಲ್ಲ? ನಮ್ಮ ಕಿವಿ ಒಡೀತದೆ ಮಾರಾಯ್ರೆ. ಆ ಹುಡುಗಿಯನ್ನು ಕೊಲ್ಬೇಡಿ."

ಟೀಚರ್ ಆ ಕಡೆ ತಿರುಗಲೂ ಇಲ್ಲ. ಅಕ್ಕನ ಬಾಯಿಯನ್ನೇ ನೋಡುತ್ತಾ ಮತ್ತೆ ಬೆತ್ತ ಎತ್ತಿದರು. ಆಗ ನಮಗೆ ಗೊತ್ತಾಯಿತು. ಅವರಿಗೆ ನಿಜವಾಗಿಯೂ ಕೇಳುತ್ತಿರಲಿಲ್ಲ. ಮಿಲ್ಲು ಓಡಲಿ, ನಿಲ್ಲಲಿ.

ಅಕ್ಕ ಕೆಮ್ಮಿ ಬಾಯಿ ಒರೆಸಿದಳು. ಅಂಗೈಯೆಲ್ಲ ಕೆಂಪು. ಅದನ್ನು ಒಂದು ಗಳಿಗೆ ನೋಡಿ, ಬೆತ್ತ ಕಿತ್ತುಕೊಂಡು ಟೀಚರ ಮುಖಕ್ಕೆ ಬಾರಿಸಿದಳು. ಅವರು ಅವಳ ಜಡೆ ಹಿಡಿದು ನೆಲಕ್ಕೆ ಎಳೆದರು. ಇಬ್ಬರೂ ಶ್ರುತಿಪೆಟ್ಟಿಗೆಯ ಮೇಲೆ ಬಿದ್ದು ಅದರ ಹಲಗೆ ಮುರಿಯಿತು. ಅಕ್ಕ ಹೊಡೆಯುತ್ತಲೇ ಇದ್ದಳು, ಕಿವಿಗೆ, ತಲೆಗೆ, ಎಲ್ಲೆಂದರಲ್ಲಿ. ಮಿಲ್ಲಿನವರು ಓಡಿಬಂದು ಬಿಡಿಸಿದರು. ಅವರ ಹಿಟ್ಟಿನ ಕೈಯ ಗುರುತು ಇಬ್ಬರ ಬಟ್ಟೆಯ ಮೇಲೂ ಆಗಿತ್ತು.

ಟೀಚರ್ ಗೋಡೆಗೆ ಒರಗಿ ಕೂತರು. ತುಟಿಯಿಂದ ರಕ್ತ ಸೋರುತ್ತಿತ್ತು. "ನನ್ನ ಗುರುಗಳು ಒಂದೇ ಪೆಟ್ಟಿಗೆ ಈ ಕಿವಿ ತೆಗೆದ್ರು. ನಾನು ತಿರುಗಿ ಹೊಡಿಲಿಲ್ಲ. ಹಾಗಾಗಿ ನನಗೆ ಹಾಡು ಬಂತು."

"ಇನ್ನೊಂದು ಕಿವಿ?" ಎಂದಳು ಅಕ್ಕ. ಸ್ವರವೇ ಇರಲಿಲ್ಲ, ಗಾಳಿ ಮಾತ್ರ. ಟೀಚರ್ ಅವಳ ತುಟಿಯನ್ನೇ ನೋಡಿದರು.

ಸುಳ್ಯಕ್ಕೆ ನಾವು ಹೋಗಲಿಲ್ಲ. ಅಕ್ಕನ ಮಾತು ನಿಧಾನಕ್ಕೆ ಮರಳಿತು, ಒರಟಾಗಿ. ಹಾಡು ಮರಳಲಿಲ್ಲ. ಪಾಠಕ್ಕೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾಗಿ, ಟೀಚರ್ ಕಡಬದ ತಮ್ಮನ ಮನೆಗೆ ಹೋದರು ಎಂದು ಕೇಳಿದೆವು.

ವರ್ಷಗಳಾದ ಮೇಲೆ ಅಕ್ಕನೇ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಆಗ ಟೀಚರಿಗೆ ಎರಡೂ ಕಿವಿ ಪೂರ್ತಿ ಹೋಗಿತ್ತು. ಗುರುತು ಹಿಡಿದರು. ಹತ್ತಿರ ಕರೆದು ಅಕ್ಕನ ಗಂಟಲಿಗೆ ಬೆರಳು ಇಟ್ಟು "ಹಾಡು" ಎಂದರು. ಬೆರಳು ತಾಗಿದ ಕೂಡಲೇ ಅವಳ ಇಡೀ ಮೈ ಸೆಟೆದದ್ದನ್ನು ನಾನು ಕಂಡೆ. ಹೊಡೆದೇ ಬಿಡುತ್ತಾಳೆ ಎಂದುಕೊಂಡೆ. ಅವಳು ಬಾಯಿ ತೆರೆದು ತುಟಿ ಮಾತ್ರ ಆಡಿಸಿದಳು. ಟೀಚರ್ ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದರು, ಸ್ವಲ್ಪ ಹೊತ್ತಿಗೆ ನಿಲ್ಲಿಸಿದರು. ಬೆರಳು ಮಾತ್ರ ಗಂಟಲ ಮೇಲೆಯೇ ಇತ್ತು... ಮರುವರ್ಷ ತೀರಿಕೊಂಡರು.

ಇವತ್ತು ಡಾಕ್ಟರು ಗಂಟಲೊಳಗೆ ಕ್ಯಾಮರಾ ಬಿಟ್ಟು ನೋಡಿ ಹೇಳಿದರು, "ತುಂಬಾ ಹಳೇ ಗಾಯ ಇದು. ಮಾತಿಗೆ ಅಭ್ಯಾಸ ಕೊಡುವ, ಸುಧಾರಿಸ್ತದೆ. ಹಾಡುವಷ್ಟು ಆಗ್ಲಿಕ್ಕಿಲ್ಲ. ಮೊದಲು ಹಾಡ್ತಾ ಇದ್ರಾ?"

"ಇಲ್ಲ ಡಾಕ್ಟ್ರೇ" ಎಂದಳು ಅಕ್ಕ. "ಹಾಡ್ತಾ ಇದ್ದದ್ದು ನಮ್ಮ ಟೀಚರ್."

ಸಂಜೆ ಮಗಳಿಗೆ ಫೋನಿನಲ್ಲಿ ಹಾಡಿನ ಕ್ಲಾಸು. ನಡುವೆ ಕೆಮ್ಮಿದಳು. "ಸಾಕಮ್ಮಾ, ನೋವಾದ್ರೆ ನಿಲ್ಲಿಸು" ಎಂದರು ಅವಳ ಟೀಚರ್. ಚಾವಡಿಯಲ್ಲಿದ್ದ ಅಕ್ಕ ನನ್ನನ್ನು ಕೇಳಿದಳು.

"ನಿಲ್ಲಿಸಿದಳಾ?"

"ನಿಲ್ಲಿಸಿದಳು."

"ಟೀಚರ್ ಬೈಲಿಲ್ವಾ?"

"ಇಲ್ಲ."

ಅಕ್ಕ ಎದ್ದು ಹಿತ್ತಿಲಿಗೆ ಹೋದಳು. ಊಟಕ್ಕೆ ಕರೆಯುವವರೆಗೆ ಒಳಗೆ ಬರಲಿಲ್ಲ.

ರಾತ್ರಿಗೆ ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಹಲಸಿನ ಹಪ್ಪಳ. ಅಕ್ಕ ಗಂಜಿಯ ತಿಳಿ ಮಾತ್ರ ಕುಡಿದಳು. ಮಗಳಿಗೆ ಮೊದಲು ನಿದ್ದೆ ಬಂತು, ದೊಡ್ಡಮ್ಮನ ಪಕ್ಕದಲ್ಲೇ.