ಒಳಗಿನ ಬೆಂಚು

1954ನೆಯ ಇಸವಿ, ನನಗಾಗ ಇಪ್ಪತ್ತೊಂಬತ್ತು ವರ್ಷ. ರೋಣದ ಶಾಲೆಯೊಂದರಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದೆ. ಮದುವೆಯಾಗಿ ಎರಡನೆಯ ವರ್ಷ ನಡೆದಿತ್ತು. ರವಿವಾರ ಬಂದರೆ ನರಗುಂದಕ್ಕೋ ಗಜೇಂದ್ರಗಡಕ್ಕೋ ಬಸ್ಸು ಹತ್ತಿ, ಪೇಟೆಯ ದೊಡ್ಡ ಹೋಟೆಲುಗಳನ್ನು ಬಿಟ್ಟು, ಓಣಿಯೊಳಗಿನ ಬೋರ್ಡಿಲ್ಲದ ಚಹಾದಂಗಡಿಗಳನ್ನು ಹುಡುಕುವುದು ನನ್ನ ವ್ಯಸನವಾಗಿತ್ತು. ವ್ಯಸನವೆಂದರೂ ಅದಕ್ಕೊಂದು ಕ್ರಮವಿತ್ತು. ಗಲ್ಲಾದ ಮೇಲೆ ಕೂಡುವವನೇ ಒಲೆಯ ಮುಂದೆಯೂ ಕೂಡಬೇಕು; ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಮುಂದೆ ಚಹಾ ಬರಬೇಕು. ಈ ಎರಡು ಲಕ್ಷಣಗಳಿದ್ದ ಅಂಗಡಿಯಲ್ಲಿ ನಾನು ಎಂದೂ ಮೋಸಹೋಗಲಿಲ್ಲ.

ನರಗುಂದದ ಗುಡ್ಡದ ಕೆಳಗಿನ ಓಣಿಯಲ್ಲಿ ಒಬ್ಬರು ಶುಂಠಿಯನ್ನು ಕೆಂಡದಲ್ಲಿ ಸುಟ್ಟು ಚಹಾಕ್ಕೆ ಹಾಕುತ್ತಿದ್ದರು. ಗಜೇಂದ್ರಗಡದ ನೇಕಾರರ ಓಣಿಯ ಅಂಗಡಿಯಲ್ಲಿ, ಮಗ್ಗಗಳ ಸದ್ದಿನ ನಡುವೆ, ನೆನೆಸಿದ ಚುರುಮುರಿಗೆ ಒಗ್ಗರಣೆ ಹಾಕಿದ ಬಿಸಿ ಸುಸಲಾದ ಜೊತೆಗೆ ಆಗತಾನೆ ಎಣ್ಣೆಯಿಂದ ತೆಗೆದ ಮೆಣಸಿನಕಾಯಿ ಭಜಿ ಸಿಗುತ್ತಿತ್ತು. ಇವನ್ನೆಲ್ಲ ಸಂಜೆ ಮನೆಗೆ ಬಂದು ಹೆಂಡತಿಗೆ ಸವಿಸ್ತಾರವಾಗಿ ವರ್ಣಿಸುತ್ತಿದ್ದೆ. ಒಂದು ದಿನ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಲ್ರೀ, ಕಿವೀಲೆ ಎಷ್ಟ ದಿನ ಚಹಾ ಕುಡೀಲಿ? ಒಂದ ದಿನ ಬಾಯೀಲೆ ಕುಡಸ್ರಿ.”

ನಮ್ಮ ಕಡೆಯ ಹೋಟೆಲುಗಳಲ್ಲಿ ಆಗ ಹೆಂಗಸರು ಕೂಡುತ್ತಿರಲಿಲ್ಲ. ಕೂಡಬಾರದೆಂದು ಯಾರೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಸಂತೆಗೆ ಬಂದ ಗಂಡಸರು ಒಳಗೆ ಕೂಡುವರು. ಅವರ ಮನೆಯವರಿಗೆ ಗಿಡದ ಬುಡಕ್ಕೋ ಚಕ್ಕಡಿಗೋ ಚಹಾ ಹೋಗುವುದು, ಹೋಗುವಷ್ಟರಲ್ಲಿ ಕೆನೆಗಟ್ಟಿ ಆರುವುದು. ನನ್ನ ಹೆಂಡತಿಗೆ ಬೇಕಾಗಿದ್ದದ್ದು ಒಳಗಿನ ಬೆಂಚು ಮತ್ತು ಬಿಸಿ ಚಹಾ. ಅದಕ್ಕಿಂತ ಹೆಚ್ಚೇನನ್ನೂ ಅವಳು ಕೇಳಿರಲಿಲ್ಲ.

ಮುಂದಿನ ರವಿವಾರ ಗಜೇಂದ್ರಗಡಕ್ಕೆ ಹೋದೆವು. ಅವಳನ್ನು ಕಂಡೊಡನೆ ಅಂಗಡಿಯವನು ಎದ್ದು ಬಾಗಿಲಿಗೆ ಬಂದ.

“ಮಾಸ್ತರ, ನೀವ ಒಳಗ ಬರ್ರಿ. ಅಕ್ಕಾರಿಗೆ ಬೇವಿನ ಗಿಡದ ಬುಡಕ ಕಳಸ್ತೀನಿ.”

“ಯಾಕ್ರಿ, ಒಳಗ ಜಾಗಾ ಇಲ್ಲೇನು?” ಎಂದು ಅವಳೇ ಕೇಳಿದಳು.

“ಜಾಗಾ ಐತ್ರಿ. ರೂಢಿ ಇಲ್ರಿ.”

ಚಹಾ ಕುಡಿಯದೆ ಹಿಂದಿರುಗಿದೆವು. ಮರುವಾರ ಹೋದ ನರಗುಂದದ ಅಂಗಡಿಯವರು ಇನ್ನಷ್ಟು ಸಜ್ಜನರು. ಮೂಲೆಯಲ್ಲಿ ಹಗ್ಗ ಕಟ್ಟಿ, ಹಳೆಯ ಜಮಖಾನೆಯನ್ನು ಇಳಿಬಿಟ್ಟು, ಒಂದು ಮರೆ ಸಿದ್ಧಪಡಿಸಿದರು. ಅವಳು ಅದನ್ನು ಮೇಲಿಂದ ಕೆಳಗೆ ನೋಡಿ, “ನಾ ಏನ್ ಬಾಣಂತೀನ, ಹಿಂಗ ಮರಿಮಾಡಿ ಕುಂಡ್ರಸಾಕ?” ಎಂದವಳೇ ಹೊರಗೆ ನಡೆದಳು.

ಸುದ್ದಿ ನಮಗಿಂತ ಮೊದಲು ರೋಣಕ್ಕೆ ಬಂದಿತ್ತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು.

“ನಿಮ್ಮ ಮನಿಯವರು ಊರೂರು ಹೋಟೆಲ್ ಹುಡಕ್ತಾರಂತ. ಖರೇ ಏನು?”

“ಖರೇ ರೀ. ಇನ್ನೂ ಸಿಕ್ಕಿಲ್ಲ.”

“ನಾಳೆ ಮಕ್ಕಳ ತಂದಿ-ತಾಯಿ ಏನಂದಾರು?”

“ಚಹಾ ಚಲೋ ಇತ್ತೇನು ಅಂದಾರ್ರಿ.”

ಅವರು ನಗಲಿಲ್ಲ. ರೂಢಿಗೆ ತಲೆಬಾಗಬೇಕೆಂದು ಬಹಳ ಹೊತ್ತು ಬುದ್ಧಿ ಹೇಳಿದರು. ಆ ಕಾರಣ ಅಂದೂ ನನಗೆ ಒಪ್ಪಿಗೆಯಾಗಲಿಲ್ಲ, ಇಂದೂ ಆಗುವುದಿಲ್ಲ. ರೂಢಿಯೆಂಬುದು ಒಂದು ಉತ್ತರವಲ್ಲ; ಉತ್ತರ ಇಲ್ಲದವರು ಹೇಳುವ ಮಾತು.

ಮತ್ತೆ ಗಜೇಂದ್ರಗಡಕ್ಕೇ ಹೋದೆವು. ಈ ಸಲ ಅವಳು ತಾನಾಗಿಯೇ ಬೇವಿನ ಗಿಡದ ಬುಡದಲ್ಲಿ ನಿಂತಳು. ಅಂಗಡಿಯವನು ಸಮಾಧಾನದಿಂದ ಕಪ್ಪು-ಬಸಿ ತಂದು ಅವಳ ಕೈಗೆ ಕೊಟ್ಟ.

“ಈ ಕಪ್ಪು-ಬಸಿ ಯಾರವ್ರಿ?”

“ನಮ್ಮವ್ರಿ ಅಕ್ಕಾರ.”

“ಹಂಗಾದ್ರ ನಿಮ್ಮ ಸಾಮಾನ ನಿಮ್ಮ ಮನ್ಯಾಗ ಇರಲಿ,” ಎಂದು ಅವಳು ತುಳುಕದಂತೆ ಅದನ್ನು ಹಿಡಿದುಕೊಂಡು ನೆಟ್ಟಗೆ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ಎದುರಿಗಿದ್ದ ನೂಲಿನ ವ್ಯಾಪಾರಿಯೊಬ್ಬರು ರುಮಾಲು ಸರಿಪಡಿಸಿಕೊಂಡು ಎದ್ದರು.

“ಇನ್ನ ನಾವು ಎಲ್ಲಿ ಕುಂಡ್ರೂದೋ ಏನೋ.”

“ಅಲ್ಲೇ ಕುಂಡರ್ರಿ ಅಣ್ಣಾರ. ನಾ ನಿಮ್ಮ ಜಾಗಾದಾಗ ಕುಂತಿಲ್ಲ,” ಎಂದಳು ಅವಳು. ನೇಕಾರರಲ್ಲೊಬ್ಬ ಚಹಾ ನೆತ್ತಿಗೇರಿ ಕೆಮ್ಮಿದ. ವ್ಯಾಪಾರಿ ಹೊರಟೇ ಹೋದರು.

ಅಂಗಡಿಯವನು ಕೈಮುಗಿದ. “ಅಕ್ಕಾರ, ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ. ಅಂಥಾ ಗಿರಾಕಿ ಹೋದ್ರ ನಾ ಹ್ಯಾಂಗ ಬಾಳೇವು ಮಾಡ್ಲಿ?”

“ಚಹಾ ಆರತೈತಿ. ಕುಡದ ಮ್ಯಾಲೆ ಮಾತಾಡೂಣು.”

ಅವನ ಭಯ ಸುಳ್ಳಾಗಿರಲಿಲ್ಲ. ಆ ವ್ಯಾಪಾರಿ ತಮ್ಮ ಗೆಳೆಯರನ್ನೂ ಕರೆದುಕೊಂಡು ಪೇಟೆಯ ದೊಡ್ಡ ಹೋಟೆಲಿಗೆ ಹೋಗತೊಡಗಿದರು. ಆದರೂ ನಾವು ಬಿಡಲಿಲ್ಲ. ಪ್ರತಿ ರವಿವಾರ ಅವನು ಮುಖ ಊದಿಸಿಕೊಂಡು ಹೊರಗಿನ ಕಟ್ಟೆಯ ಮೇಲೆ ಕಪ್ಪು ಇಡುವನು. ಅವಳು ಅದನ್ನೆತ್ತಿಕೊಂಡು ಒಳಗೆ ಬರುವಳು. ಹೊರಗೆ ಇಡುವುದನ್ನು ಅವನು ನಿಲ್ಲಿಸಲಿಲ್ಲ, ಒಳಗೆ ತರುವುದನ್ನು ಅವಳು ನಿಲ್ಲಿಸಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಕೂತು ನೇಯ್ಗೆಗೆ ನೂಲು ಸುತ್ತುತ್ತಿದ್ದ ಹೆಂಗಸರು ಇದನ್ನೆಲ್ಲ ನೋಡುತ್ತಿದ್ದರು.

ಬೇಸಗೆ ಕಾಲಿಡುತ್ತಿದ್ದ ಒಂದು ರವಿವಾರ ನಾವು ಹೋದಾಗ ಕಟ್ಟೆಯ ಮೇಲೆ ಕಪ್ಪು ಇರಲಿಲ್ಲ. ಒಳಗೆ ನೂಲು ಸುತ್ತುವ ಇಬ್ಬರು ಹೆಂಗಸರು ಬೆಂಚಿನ ಮೇಲೆ ಕುಳಿತು ಬಸಿಗೆ ಸುರಿದುಕೊಂಡು ಚಹಾ ಹೀರುತ್ತಿದ್ದರು.

“ನೋಡ್ರಿ ಅಕ್ಕಾರ, ನಿಮ್ಮಿಂದ ಏನಾತು!” ಎಂದ ಅಂಗಡಿಯವನು. “ಇನ್ನೊಂದು ಬೆಂಚ್ ಮಾಡಸೂದ ಬಂತು.”

“ಮಾಡಸೋ ಮಾರಾಯಾ,” ಎಂದಳು ಇಬ್ಬರಲ್ಲಿ ಹಿರಿಯವಳು. “ಇಷ್ಟ ವರ್ಷ ನಮ್ಮ ಬಾಗಲಕ್ಕ ತಂಗಳ ಚಹಾ ಕಳಿಸಿ ಗಳಿಸಿಲ್ಲೇನು? ಬರ್ರಿ ಅಕ್ಕಾರ, ಸರೀತೀವಿ.”

ಅವರು ಸರಿದರು. ಅಂಗಡಿಯವನು ಹೊಗೆಯಾಡುವ ಕಪ್ಪನ್ನು ಬೆಂಚಿಗೇ ತಂದು ಅವಳ ಕೈಗಿತ್ತ. ನನಗೆ ಜಾಗ ಉಳಿಯಲಿಲ್ಲವಾದ್ದರಿಂದ ನಿಂತುಕೊಂಡೇ ಕುಡಿದೆ. ಅಂದು 1955ನೆಯ ಇಸವಿ, ಮಾರ್ಚ್ ತಿಂಗಳ ಹದಿಮೂರನೆಯ ತಾರೀಖು.