ಶಿವಮಲ್ಲಪ್ಪನ ಹೋಲ್ಡಾನ್

ಗುಂಡ್ಲುಪೇಟೆ–ಚಾಮರಾಜನಗರ ಬಸ್ಸಿನ ಕಂಡಕ್ಟರ್ ಶಿವಮಲ್ಲಪ್ಪನಂಥ ಜಂಬಗಾರನನ್ನು ನಾನು ಕಂಡಿಲ್ಲ. ಅವನು "ಓಲ್ಡಾನ್" ಎಂದರೆ ಬಸ್ಸು ನಿಲ್ಲಬೇಕು, "ರೈಟ್" ಎಂದರೆ ಹೊರಡಬೇಕು. ಬಸ್ಸು ಕುಲುಕಿ ಯಾವುದಾದರೂ ಮುದುಕಿ "ಶಿವನೇ" ಎಂದರೆ ಸಾಕು, "ಎದ್ರುಪುಕ್ಲು ಮುಂಡೇವು" ಎಂದು ಹೀಗಳೆಯುವನು.

ಐವತ್ತಾರರ ದಸರಾದಲ್ಲಿ ಮೈಸೂರಿನ ವಸ್ತುಪ್ರದರ್ಶನಕ್ಕೆ ಹಳಿಯ ಮೇಲೆ ಏರಿಳಿಯುವ ಹೊಸ ಆಟದ ರೈಲು ಬಂತು. "ಇದೇನ್ಲಾ, ಮಕ್ಳ ತೊಟ್ಲು!" ಎಂದು ಶಿವಮಲ್ಲಪ್ಪ ನಕ್ಕು, ಜೊತೆಗೆ ಹೋಗಿದ್ದ ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡ.

ಮೊದಲ ಇಳಿಜಾರಿಗೇ ಅವನ ಮುಖ ಬಿಳಿಚಿಕೊಂಡಿತು. ನನ್ನ ತೋಳಿಗೆ ಉಗುರು ನೆಟ್ಟು "ಓಲ್ಡಾನ್! ಓಲ್ಡಾನ್!" ಎಂದು ಕಿರುಚಿದ. ರೈಲು ನಡೆಸುತ್ತಿದ್ದವನು ಮದರಾಸಿನ ಆಂಗ್ಲೋ ಇಂಡಿಯನ್. ಇಂಗ್ಲಿಷಿನಲ್ಲಿ "ಹೋಲ್ಡಾನ್" ಎಂದರೆ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದರ್ಥವಂತೆ. ಈ ಧೈರ್ಯಸ್ಥ ಉಳಿದವರಿಗೆ ಬುದ್ಧಿ ಹೇಳುತ್ತಿದ್ದಾನೆಂದು ಮೆಚ್ಚಿ, ಅವನು ಬಿಟ್ಟಿಯಾಗಿ ಇನ್ನೆರಡು ಸುತ್ತು ಓಡಿಸಿದ.

"ಒಂದೇ ಟಿಕೀಟ್ಗೆ ಮೂರ್ ಸುತ್ತು ಒಡ್ದೆ ಕಣ್ಲಾ" ಎಂದು ಊರೆಲ್ಲ ಕೊಚ್ಚಿಕೊಂಡ. ಆದರೆ ಅಂದಿನಿಂದ ಬಸ್ಸು ನಿಲ್ಲಿಸಬೇಕಾದಾಗಲೆಲ್ಲ ಆ ಬಾಯಿಬಡುಕ ಮೂಗನ ಹಾಗೆ ಬಸ್ಸಿನ ತಗಡು ಬಡಿಯುತ್ತಿದ್ದ.